ಸರ್ ನದಿಗೆ ಬಿಟ್ಟ ಕೋಡಂಗಿ

ಅವರ ಅಂಗಿಯ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿಯೊಳಗೆ ಮೀಸೆ ಕತ್ತರಿಸುವ ಪುಟ್ಟ ಕತ್ತರಿಯೊಂದು ಇರುತ್ತಿತ್ತು. ಕನ್ನಡಕ ಸದಾ ಮೂಗಿನ ಮೇಲೆಯೇ ಇರುವಾಗ ಡಬ್ಬಿ ಯಾಕೆ ಖಾಲಿ ಇರಬೇಕು ಎಂದು ಅವರೇ ಹೇಳಿ ನಗುತ್ತಿದ್ದರು. ಯಾವ ಸಮಾರಂಭಕ್ಕೆ ಹೋದರೂ ವೇದಿಕೆ ಹತ್ತುವ ಮುಂಚೆ ಗೋಡೆಯ ಕಡೆ ತಿರುಗಿ ನಿಂತು, ಕನ್ನಡಿಯಿಲ್ಲದೆ, ಬೆರಳಿನಿಂದಲೇ ಅಂದಾಜು ಮಾಡಿ ತುಟಿಯ ಮೇಲೆ ಇಳಿದ ಕೂದಲನ್ನು ಕತ್ತರಿಸಿಕೊಳ್ಳುತ್ತಿದ್ದರು. ಕತ್ತರಿಯನ್ನು ಒರೆಸುತ್ತಿರಲಿಲ್ಲ. ಅದರ ಕೀಲಿನಲ್ಲಿ ಯಾವಾಗಲೂ ಒಂದೆರಡು ನರೆಗೂದಲು ಸಿಕ್ಕಿಕೊಂಡಿರುತ್ತಿದ್ದವು.

ಅವರು ಗೋಕಾಕದ ಕಾಲೇಜಿನಲ್ಲಿ ನನಗೆ ಸಮಾಜಶಾಸ್ತ್ರ ಕಲಿಸಿದವರು. ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಸೇರಿ ಅಭಿನಂದನ ಗ್ರಂಥವೊಂದನ್ನು ತಂದರು. ಅದರಲ್ಲಿ ನನ್ನ ಬರಹ ಇಲ್ಲ. ಕಳೆದ ತಿಂಗಳು ಅವರು ತೀರಿಕೊಂಡರು. ಪತ್ರಿಕೆಯಲ್ಲಿ ಫೋಟೋದ ಕೆಳಗೆ ‘ಜಾನಪದದ ಕಾವಲುಗಾರ’ ಎಂದು ಹಾಕಿದ್ದರು. ಅದನ್ನು ಓದಿದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ.

ಅವರು ದೊಡ್ಡ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡಬೇಕು. ದಡ್ಡರಾಗಿದ್ದರೆ ನಾನು ಅವರನ್ನು ಎಂದೋ ಮರೆತಿರುತ್ತಿದ್ದೆ.

ಬಿ.ಎ. ಎರಡನೆಯ ವರ್ಷಕ್ಕೆ ಆಗ್ನೇಯ ಏಷ್ಯಾದ ಸಮಾಜಗಳ ಬಗ್ಗೆ ಒಂದು ಪತ್ರಿಕೆ ಇತ್ತು. ಯಾರೂ ಕಲಿಸಲು ಒಪ್ಪದ ಪತ್ರಿಕೆ. ಕುಲಗೋಡ, ಮೇಲವಂಕಿಯಿಂದ ಬಸ್ಸು ಹಿಡಿದು ಬರುತ್ತಿದ್ದ ನಮಗೆ ಸಮುದ್ರವೇ ಗೊತ್ತಿರಲಿಲ್ಲ, ಇನ್ನು ದ್ವೀಪಗಳೆಲ್ಲಿಂದ ಬರಬೇಕು. ಸರ್ ಮೊದಲ ದಿನ ಮನೆಯಿಂದ ಬಿಳಿ ಚಾದರ ತಂದು ಕಿಟಕಿಯ ಸರಳುಗಳಿಗೆ ಕಟ್ಟಿದರು. ಹಿಂದೆ ಒಬ್ಬ ಹುಡುಗನ ಕೈಗೆ ಬ್ಯಾಟರಿ ಕೊಟ್ಟು ನಿಲ್ಲಿಸಿದರು. ರಟ್ಟಿನಲ್ಲಿ ಕತ್ತರಿಸಿದ ಆಕೃತಿಯೊಂದನ್ನು ಹಿಡಿದು ಚಾದರದ ಮೇಲೆ ನೆರಳಾಡಿಸಿದರು. ದಪ್ಪ ಹೊಟ್ಟೆ, ಜೋತುಬಿದ್ದ ತುಟಿ.

“ಇವನ್ನ ಎಲ್ಲೆರ ನೋಡೀರೇನು?” ಎಂದರು.

ಮೇಲವಂಕಿಯ ಹುಡುಗನೊಬ್ಬ, “ನಮ್ಮ ಕಡೆ ಗೊಂಬಿ ಆಟದಾಗ ಬರೂ ಕೋಡಂಗಿ ಇದ್ದಂಗ ಅದಾನ್ರಿ” ಎಂದ.

“ಇವ ಜಾವಾದಾವ. ಇಬ್ಬರೂ ಕೂಡಿ ಹುಟ್ಟಿ, ಜಾತ್ರ್ಯಾಗ ತಪ್ಪಿಸಿಕೊಂಡಾರ.”

ಎಲ್ಲರೂ ನಕ್ಕೆವು. ಆಮೇಲೆ ಅವರು ಹೇಳಿದ್ದನ್ನು ಯಾರೂ ಮರೆತಿರಲಾರರು. ಜಾವಾ ಸೇರಿದ ಇಂಡೋನೇಷ್ಯಾ ದೇಶವೆಂದರೆ ಸಾವಿರಾರು ನಡುಗಡ್ಡೆ, ಒಂದೊಂದರಲ್ಲಿ ಒಂದೊಂದು ಮಾತು. ಅವರೆಲ್ಲರಿಗೂ ನೀವು ಒಂದೇ ದೇಶದವರು ಎಂದು ಒಪ್ಪಿಸುವುದು ಹೇಗೆ? ಬಾವುಟ ಸಾಲಲಿಲ್ಲ, ಸೈನ್ಯವೂ ಸಾಲಲಿಲ್ಲ. ಆಗ ಸರಕಾರದವರು ತೊಗಲುಗೊಂಬೆ ಆಡಿಸುವವರನ್ನು ಕರೆದು, ನಿಮ್ಮ ಕೋಡಂಗಿಯ ಬಾಯಲ್ಲಿ ಸಣ್ಣ ಸಂಸಾರದ ಮಾತು, ಗೊಬ್ಬರದ ಮಾತು ಹೇಳಿಸಿ ಎಂದರು. ಅಧಿಕಾರಿಗಳನ್ನು ಗೇಲಿ ಮಾಡುತ್ತಿದ್ದ ಕೋಡಂಗಿ ಅಧಿಕಾರಿಗಳ ಮಾತನ್ನೇ ಆಡತೊಡಗಿದ.

“ಒಲ್ಲೆ ಅಂದವರು ಇರಲಿಲ್ಲೇನ್ರಿ ಸರ್?” ಎಂದು ನಾನು ಕೇಳಿದೆ. ಆ ವರ್ಷ ನಾನು ತರಗತಿಯಲ್ಲಿ ಬಾಯಿ ಬಿಟ್ಟದ್ದು ಅದೊಂದೇ ಸಲವಿರಬೇಕು.

“ಇದ್ರು. ಅವರನ್ನ ಬಡೀಲಿಲ್ಲ, ಬೈಲಿಲ್ಲ. ಮುಂದಿನ ವರ್ಷ ಕರೀಲಿಲ್ಲ, ಅಷ್ಟ.” ಚಾದರವನ್ನು ಬಿಚ್ಚಿ, ಮಡಚಿ, ಮುಂದಿನ ಬೆಂಚಿನ ಹುಡುಗನ ಹೆಗಲಿಗೆ ಹೊದಿಸಿದರು. “ಸರಕಾರ ಕಲಾವಿದನ ಕುತಿಗಿ ಹಿಚಕೂದಿಲ್ಲ. ಶಾಲು ಹೊದಸತೈತಿ. ಹೊದಿಸಿಕೊಂಡ ಮ್ಯಾಲೆ ಕೈ ಎತ್ತಾಕ ಬರೂದಿಲ್ಲ. ಹೌದಲ್ಲೋ? ಎತ್ತು, ನೋಡೂಣು.”

ನಾನು ಧಾರವಾಡಕ್ಕೆ ಎಂ.ಎ. ಮಾಡಲು ಹೋದದ್ದು ಆ ತಾಸಿನಿಂದಾಗಿ.

ಅವರ ಮನೆಯ ಪಡಸಾಲೆಯ ಗೋಡೆಯ ಮೇಲೆ, ಗಾಜಿನ ಚೌಕಟ್ಟುಗಳಲ್ಲಿ, ತೊಗಲುಗೊಂಬೆಗಳು ಸಾಲಾಗಿ ಇದ್ದವು. ರಾಣಿಯರು, ರಾಕ್ಷಸರು, ಒಂದು ಕುದುರೆ. ರವಿವಾರ ಕೆಲವು ವಿದ್ಯಾರ್ಥಿಗಳು ಅಲ್ಲಿಗೆ ಹೋಗುತ್ತಿದ್ದೆವು. ಅವರ ತಾಯಿ ನಿಪ್ಪಾಣಿ ಕಡೆಯವರು. ಮನೆಯ ಮಾತು ಮರಾಠಿ. ಒಳಗಿದ್ದ ಹೆಂಡತಿಗೆ ಚಹಾ ತಡವಾಯಿತೆಂದು ಮರಾಠಿಯಲ್ಲಿ ಗದರಿಸಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ನಗುತ್ತಿದ್ದರು. ನಮ್ಮ ಭಾಗದಲ್ಲಿ ಇದು ಯಾರಿಗೂ ವಿಶೇಷವಲ್ಲ. ಮುಂದೆ ಹುಕ್ಕೇರಿಯ ಉತ್ಸವದ ವೇದಿಕೆಯ ಮೇಲೆ ಅವರು, ಈ ಗಡಿಯ ಮಣ್ಣಿನಲ್ಲಿ ಕನ್ನಡದ ಹೊರತು ಬೇರೆ ಸದ್ದು ಕೇಳಬಾರದು ಎಂದು ಹೇಳಿದ್ದನ್ನು ಕೇಳಿದ ಮೇಲೆ ನನಗೆ ಆ ಚಹಾ ನೆನಪಾಗತೊಡಗಿತು.

ಗೊಂಬೆಯವರ ಪದ್ಧತಿಯನ್ನು ನಾನು ಕಲಿತದ್ದು ಆ ಗೋಡೆಯ ಮುಂದೆ, ಅವರ ಬಾಯಿಂದಲೇ. ಗೊಂಬೆ ಅವರಿಗೆ ಜೀವ. ಕಿವಿ ಹರಿದರೂ ಬೆರಳು ಮುರಿದರೂ ಅದು ಹೆಣ. ಹೆಣ ಪರದೆ ಹತ್ತುವಂತಿಲ್ಲ, ರಾತ್ರಿ ಮನೆಯಲ್ಲಿ ಇರುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಹಾಲು ಅನ್ನ ಇಟ್ಟು ಹೊಳೆಗೆ ಬಿಡಬೇಕು. ಬಿಡುವ ಮುಂಚೆ ಒಂದು ಕೆಲಸವಿದೆ. ಹದ ಮಾಡಿದ ಹೊಸ ಚರ್ಮದ ಮೇಲೆ ಹಳೆಯದನ್ನು ಮಲಗಿಸಿ, ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿ ಅಚ್ಚು ತೆಗೆಯಬೇಕು. ಹೊಸ ಗೊಂಬೆ ಹುಟ್ಟುವುದು ಹಾಗೆಯೇ. ಕಾಗದ ನೋಡಿಯೋ ನೆನಪಿನಿಂದಲೋ ಕತ್ತರಿಸಿದ್ದನ್ನು ಅವರು ಗೊಂಬೆ ಎನ್ನುವುದಿಲ್ಲ.

“ಇವೆಲ್ಲಾ ಹೊಳಿಗಿ ಹೋಗೂ ಗೊಂಬಿ. ನಾ ಉಳಿಸೇನಿ. ಇಲ್ಲಂದ್ರ ಮೀನಾ ತಿಂತಿದ್ದು,” ಎಂದು ಸರ್ ಹೇಳಿದರು.

ಚಹಾ ಹಿಡಿದು ಬಂದ ಕಾಕೂ, “ಇವು ಉಳದಾವು. ಹೆಣದ ನಡುವ ಉಣ್ಣಾಕಿ ನಾ,” ಎಂದರು. ಸರ್ ಅವರ ಹೆಂಡತಿಯನ್ನು ನಾವು ಕಾಕೂ ಎಂದೇ ಕರೆಯುತ್ತಿದ್ದೆವು. ಸರ್ ಜೋರಾಗಿ ನಕ್ಕರು. ಕಾಕೂ ನಗಲಿಲ್ಲ. ನಾನು ಅದನ್ನು ಗಮನಿಸಿ ಏನೂ ಅಂದುಕೊಳ್ಳಲಿಲ್ಲ.

ಎಂ.ಎ. ಮುಗಿಸಿ ಬಂದು ನಾನು ಮೂಡಲಗಿಯ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾದೆ. ಸರ್ ಅಷ್ಟರಲ್ಲಿ ಗಡಿಭಾಗದ ಸಾಂಸ್ಕೃತಿಕ ಉತ್ಸವದ ಸಮಿತಿಯಲ್ಲಿದ್ದರು. ಉತ್ಸವಕ್ಕೆ ಗೊಂಬೆಯಾಟದವರನ್ನು ಆರಿಸಲು ಧುಪದಾಳಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಒಡ್ಡಿನ ಕೆಳಗೆ, ನದಿಯ ದಂಡೆಯಲ್ಲಿ ಹಣಮಂತಪ್ಪ, ರೇಣವ್ವ ಇದ್ದರು. ಗಂಡ ಹೆಂಡತಿ ಇಬ್ಬರೂ ಮೀನು ಹಿಡಿಯುತ್ತಾರೆ, ಕರೆದಲ್ಲಿ ಗೊಂಬೆ ಆಡಿಸುತ್ತಾರೆ. ತಮ್ಮತಮ್ಮಲ್ಲಿ ಅರ್ಧ ಮರಾಠಿಯಂಥ ಒಂದು ಮಾತು, ನಮ್ಮೊಂದಿಗೆ ಕನ್ನಡ. ಪರದೆಯ ಮೇಲೆ ಎರಡೂ.

ಗೊಂಬೆ ಹಿಡಿಯುವವನು ಹಣಮಂತಪ್ಪ. ಆದರೆ ಕೋಡಂಗಿಯ ದನಿ ರೇಣವ್ವನದು. ಅರವತ್ತು ದಾಟಿದ ಹೆಂಗಸು, ಪರದೆಯ ಹಿಂದೆ ಕುಳಿತು ಗೊಗ್ಗರು ಗಂಡುದನಿಯಲ್ಲಿ ದೇವರಿಂದ ಹಿಡಿದು ಊರಗೌಡನವರೆಗೆ ಎಲ್ಲರನ್ನೂ ಬೈಯುತ್ತಿದ್ದಳು. ಕೋಡಂಗಿ ಬಂದು ಎಲ್ಲರನ್ನೂ ಬೈದ ಹೊರತು ಕಥೆ ಶುರುವಾಗುವುದಿಲ್ಲ. ಕರಿ ಮೈ, ಕೆದರಿದ ಕೂದಲು. ಸೊಂಟದ ಕೆಳಗೆ ಒಂದು ಬೇರೆ ತುಂಡನ್ನು ದಾರದಿಂದ ಕಟ್ಟಿರುತ್ತಾರೆ. ದಾರ ಎಳೆದರೆ ಅದು ಏಳುತ್ತದೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ನಾನೂ ಸಣ್ಣವಳಿದ್ದಾಗ ಅಜ್ಜಿಯ ತೊಡೆಯ ಮೇಲೆ ಕುಳಿತು ನಕ್ಕಿದ್ದೇನೆ.

ರೇಣವ್ವ ನನ್ನನ್ನು ನೋಡಿದವಳೇ, “ಅಕ್ಕಾರ, ಲಗ್ನಾ ಆಗೇತೇನ್ರಿ?” ಎಂದಳು.

“ಇಲ್ಲ.”

“ಹಂಗಾರ ನಮ್ಮ ಕೋಡಂಗಿ ಅದಾನ ನೋಡ್ರಿ. ನೌಕರಿ ಇಲ್ಲ ಅನ್ನೂದೊಂದ ಬಿಟ್ರ ಯಾವ ಐಬೂ ಇಲ್ಲ.”

ಹಣಮಂತಪ್ಪ, “ಸುಮ್ಕಿರ, ದೊಡ್ಡ ಮಂದಿ ಮುಂದ ಏನ ಮಾತಾಡ್ತಿ” ಎಂದು ಗದರಿಸಿದ. ಅವನಿಗೆ ಪ್ರಶಸ್ತಿ ಬೇಕಿತ್ತು. ಅದನ್ನು ಅವನು ಬಚ್ಚಿಡಲೂ ಇಲ್ಲ. ಬಾಜೂ ಊರಿನ ಡೊಳ್ಳಿನವನಿಗೆ ಸರಕಾರದ ಫಲಕ ಸಿಕ್ಕಿದೆ, ತನಗೆ ಯಾಕಿಲ್ಲ ಎಂದು ಸರ್ ಅವರನ್ನು ಕುಳಿತಲ್ಲಿ ನಿಂತಲ್ಲಿ ಕೇಳುತ್ತಿದ್ದ.

ಸಮಿತಿಯ ಫೋಟೋದವನೊಬ್ಬ ಜೊತೆಗಿದ್ದ. ಸರ್ ನೆಲದ ಮೇಲೆ ಕುಳಿತು ರೇಣವ್ವನ ಕೈಯಿಂದ ರೊಟ್ಟಿ ಇಸಿದುಕೊಂಡು ತಿಂದರು. “ನಮ್ಮ ಮಂದಿ, ನಮ್ಮ ರೊಟ್ಟಿ” ಎಂದರು. ಫೋಟೋ ಆಯಿತು. ಮೂರನೆಯ ತುತ್ತು ಬಾಯಿಗೆ ಹೋಗಲಿಲ್ಲ. ಎದ್ದು ಗುಡಿಸಲಿನ ಹಿಂದೆ ಹೋಗಿ, ಪ್ಯಾಂಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಸಾಬೂನಿನ ತುಂಡು ತೆಗೆದು, ಮೊಣಕೈತನಕ ತೊಳೆದುಕೊಂಡರು. ಬಾಯಿ ಮುಕ್ಕಳಿಸಿ ಉಗುಳಿದರು. ರೇಣವ್ವ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತಿರುಗಿ ಬಂದು ನನ್ನ ಕಿವಿಯಲ್ಲಿ, “ಸಾಹೇಬ್ರು ಉಂಡದ್ದಕಿಂತ ತೊಳಕೊಂಡದ್ದ ಭಾಳ ಆತು” ಎಂದಳು. ಬರುವಾಗ ಜೀಪಿನಲ್ಲಿ ಸರ್ ಜಾವಾದ ಬಗ್ಗೆ ಮಾತಾಡುತ್ತ ಬಂದರು, ಬಹಳ ಚೆನ್ನಾಗಿ.

ಉತ್ಸವ ಹುಕ್ಕೇರಿಯಲ್ಲಿ. ವೇದಿಕೆಯ ಹಿಂದಿನ ಶಾಲೆಯ ಕೋಣೆಯಲ್ಲಿ ಕಲಾವಿದರೆಲ್ಲ ತಯಾರಾಗುತ್ತಿದ್ದರು. ಮಧ್ಯಾಹ್ನ ಸರ್ ಒಂದು ಹೊಸ ಕೋಡಂಗಿಯನ್ನು ತಂದರು. ಚಿತ್ರಕಲೆಯ ಮಾಸ್ತರರೊಬ್ಬರು ರಟ್ಟಿನಲ್ಲಿ ಮಾಡಿದ್ದು. ಬಿಳಿ ಧೋತರ, ತಲೆಗೆ ಟೋಪಿ, ಹೆಗಲ ಮೇಲೆ ಹಳದಿ ಕೆಂಪಿನ ಶಾಲು. ಅವನು ಹೇಳಬೇಕಾದ ಮಾತುಗಳೂ ತಯಾರಿದ್ದವು: ಮಕ್ಕಳಿಗೆ ಲಸಿಕೆ ಹಾಕಿಸಿ, ಅಕ್ಷರ ಕಲಿಯಿರಿ, ನಾಡು ನುಡಿಗೆ ದುಡಿಯಿರಿ. ಮರಾಠಿಯ ಒಂದು ಅಕ್ಷರವೂ ಬರಕೂಡದು.

ಹಣಮಂತಪ್ಪ ಹೊಸ ಕೋಟು ಹಾಕಿಕೊಂಡಿದ್ದ. “ಆಗಲಿ ಬಿಡ್ರಿ, ಒಂದ ದಿನದ ಮಾತು” ಎಂದ.

ರೇಣವ್ವ, “ಈತ ಯಾರ್ರಿ? ನೆಂಟಸ್ತನಕ ಬಂದಾನೋ, ಮತಾ ಕೇಳಾಕ ಬಂದಾನೋ?” ಎಂದಳು. ಡೊಳ್ಳಿನವರು ನಕ್ಕರು. ಸರ್ ನಗಲಿಲ್ಲ.

“ಹಳೇದನ್ನ ತಗೀರಿ ಹೊರಗ.”

“ಅದು ಪೆಟಗ್ಯಾಗ ಇರಲಿ ಬಿಡ್ರಿ ಸಾಹೇಬ್ರ. ಆಡಸೂದಿಲ್ಲ.”

“ಇದ್ರ ಆಡಸತೀರಿ. ನಿಮ್ಮ ಬಾಯಿ ನನಗ ಗೊತ್ತೈತಿ. ದೊಡ್ಡವರ ಮನೀ ಹೆಣ್ಮಕ್ಕಳು ಬರಾಕತ್ತಾರ.”

ಹಣಮಂತಪ್ಪನೇ ಪೆಟ್ಟಿಗೆ ತೆರೆದು ಕೋಡಂಗಿಯನ್ನು ಎತ್ತಿ ಕೊಟ್ಟ. ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತುಸು ಹೊತ್ತೇ ನೋಡಿದರು. ಹಳೆಯ ಚರ್ಮ ಜೇನಿನ ಬಣ್ಣಕ್ಕೆ ತಿರುಗಿ ಬೆಳಕು ತೂರಿ ಬರುತ್ತಿತ್ತು. ಆಮೇಲೆ ಕನ್ನಡಕದ ಡಬ್ಬಿ ತೆರೆದರು.

ಆ ತುಂಡನ್ನು ದಾರದಿಂದ ಕಟ್ಟಿತ್ತು ಎಂದೆನಲ್ಲ. ದಾರ ಬಿಚ್ಚಬಹುದಿತ್ತು. ಅವರು ದಾರಕ್ಕೆ ಕೈ ಹಚ್ಚಲಿಲ್ಲ. ಸೊಂಟದ ಚರ್ಮವನ್ನೇ ಸ್ವಲ್ಪ ಸೇರಿಸಿ ಕತ್ತರಿಸಿದರು. ಮೀಸೆಯ ಕೂದಲು ಸಿಕ್ಕಿಕೊಂಡ ಆ ಕತ್ತರಿಯಿಂದ, ಅದೇ ಅಂದಾಜಿನ ಕೈಯಿಂದ. ತುಂಡನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದರು.

ಕೋಣೆಯಲ್ಲಿ ಡೊಳ್ಳು ಬಿಗಿಯುತ್ತಿದ್ದವರು ನಿಲ್ಲಿಸಿದರು. ರೇಣವ್ವ ಎದ್ದು ಬಂದು, ಅವರ ಕೈಯಿಂದ ಗೊಂಬೆಯನ್ನು ತೆಗೆದುಕೊಂಡು ನೆಲದ ಮೇಲೆ ಮಲಗಿಸಿ ಸೆರಗು ಹೊದಿಸಿದಳು.

“ಅಚ್ಚು ತಗೀಬೇಕ್ರಿ,” ಎಂದಳು. “ಹೊಸಾ ಚರ್ಮಾ ಊರಾಗ ಐತಿ.”

“ಆಟಾ ಬಿಟ್ಟು ಊರಿಗಿ ಹೋಗತೀರೇನು? ಆಟಾ ಮುಗಿಯೂದ್ರಾಗ ಹೊತ್ತ ಮುಳಗತೈತಿ. ಮುಳಗಿದ ಮ್ಯಾಲೆ ಬಿಡೂದು ನಿಮ್ಮಾಗ ಐತೇನು?” ಸರ್ ಮೆತ್ತಗೆ ಕೇಳಿದರು. ಪದ್ಧತಿಯನ್ನು ಅವರಿಗಿಂತ ಚೆನ್ನಾಗಿ ತಿಳಿದವರ ಹಾಗೆ. “ಅತಿಥಿಗಳನ್ನ ಕರಕೊಂಡ ಬರಾಕ ನಾ ಘಟಪ್ರಭಾ ಸ್ಟೇಶನ್ನಿಗಿ ಹೊಂಟೇನಿ. ಧುಪದಾಳ ಅಲ್ಲೇ ಐತಿ. ಹಾಲು ಅನ್ನಾ ಇಟ್ಟು ನಾನ ಬಿಡತೇನಿ. ನಿಮ್ಮ ಮನೀ ಮಗಾ ಅನಕೋರಿ.”

“ಕೊಟ್ಟಬಿಡ,” ಎಂದ ಹಣಮಂತಪ್ಪ, ಹೆಂಡತಿಯ ಕಡೆ ನೋಡದೆ.

ಸಂಜೆ ಪರದೆಯ ಮೇಲೆ ರಟ್ಟಿನ ಕೋಡಂಗಿ ಬಂದ. ರೇಣವ್ವ ದನಿ ಕೊಡಲಿಲ್ಲ. ಹಣಮಂತಪ್ಪನೇ ಕಲಿಸಿದ ಮಾತನ್ನು ಒದರಿದ. ಲಸಿಕೆಯ ಮಾತು ಮುಗಿದು ಅಕ್ಷರದ ಮಾತು ಶುರುವಾದಾಗ ಜನರ ನಡುವಿನಿಂದ ಯಾರೋ, “ಏ, ಇವ ಯಾವ ಇಲಾಖೇಂವ್ನೋ?” ಎಂದು ಕೂಗಿದರು. ಆ ದಿನ ಜನ ಮನಸಾರೆ ನಕ್ಕದ್ದು ಅದೊಂದೇ ಮಾತಿಗೆ. ಕೊನೆಗೆ ಹಣಮಂತಪ್ಪನಿಗೆ ಶಾಲು ಹೊದಿಸಿದರು, ಫಲಕ ಕೊಟ್ಟರು. ಸರ್ ಮಾತಾಡುತ್ತ, ಜಾವಾದಲ್ಲಿ ಸರಕಾರವೇ ಗೊಂಬೆಯಾಟವನ್ನು ಕೈಹಿಡಿದು ನಡೆಸಿದ್ದರಿಂದ ಅಲ್ಲಿ ರಾಷ್ಟ್ರೀಯ ಭಾವನೆ ಬೆಳೆದಿದೆ, ನಾವು ಅವರಿಂದ ಕಲಿಯಬೇಕು ಎಂದರು.

ನಾನು ಮೊದಲು ತಪ್ಪಾಗಿ ಕೇಳಿಸಿಕೊಂಡೆನೋ ಎಂದುಕೊಂಡೆ. ಅದೇ ದೇಶ, ಅದೇ ಸಂಗತಿ, ಅದೇ ದನಿ. ನಮಗೆ ಎಚ್ಚರಿಕೆ ಎಂದು ಕಲಿಸಿದ್ದನ್ನು ಅಧಿಕಾರಿಗಳ ಮುಂದೆ ಮಾದರಿ ಎಂದು ಒಪ್ಪಿಸುತ್ತಿದ್ದರು. ಮಾತು ಮುಗಿಸಿ ಇಳಿದು ಬಂದು, ನನ್ನನ್ನು ನೋಡಿ, “ಹೆಂಗಾತು?” ಎಂದು ಕೇಳಿದರು. ಮೀಸೆಯನ್ನು ಸವರಿಕೊಳ್ಳುತ್ತಿದ್ದರು.

ಶ್ರಾವಣ ಕಳೆದ ಮೇಲೆ ಒಂದು ದಿನ ರೇಣವ್ವ ಕಾಲೇಜಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಮೂಡಲಗಿಯ ವ್ಯಾಪಾರಿಗಳ ಮನೆಯೊಂದರಲ್ಲಿ ತಲೆಮಾರುಗಳಿಂದ ಇವರದೇ ಆಟ. ಅವರು ಹೇಳಿ ಕಳಿಸಿದ್ದರು. ಇವಳು ಆಗುವುದಿಲ್ಲ ಎಂದು ಹೇಳಲು ಬಂದಿದ್ದಳು. ಮೇಲವಂಕಿಯವರಿಗೂ ಹಾಗೆಯೇ ಹೇಳಿಯಾಗಿತ್ತು. ಕೋಡಂಗಿಯಿಲ್ಲದೆ ಪರದೆ ಕಟ್ಟುವಂತಿಲ್ಲ.

“ಒಂದ ಮಾತ ಕೇಳ್ರಿ ಸಾಹೇಬ್ರನ್ನ,” ಎಂದಳು. “ಒಡ್ಡಿನ ಮ್ಯಾಲೆ ಬಿಟ್ರೋ, ಕೆಳಗ ಬಿಟ್ರೋ?”

“ಯಾಕ?”

“ನಮ್ಮ ಮನೀಯಾತ ಬಲೆ ಹಾಕಾಕತ್ತಾನ್ರಿ. ಚರ್ಮಾ ಲಗೂನ ಕರಗೂದಿಲ್ಲ, ಕಲ್ಲಿನ್ಯಾಗ ಸಿಕ್ಕೊಂಡಿರತೈತಿ. ಅರ್ಧಾ ಸಿಕ್ರೂ ಅಚ್ಚು ತಗೀಬಹುದು. ಬಿಟ್ಟದ್ದನ್ನ ತಿರುಗಿ ತಗೀಬಾರದು ಖರೆ. ಆದ್ರ ನಾವ ಬಿಟ್ಟಿಲ್ಲಲ್ರಿ.” ಹೊರಡಲು ಎದ್ದು, “ಪರದಿ ಹಿಂದ ಕುಂತ ನೋಡಿದೆ, ಅಕ್ಕಾರ. ಮಾತ ಬರವಲ್ದು. ಯಾರ ಬಾಯಿಲೆ ಬೈಲಿ?” ಎಂದಳು.

ಅವಳು ಅಂದು ನನ್ನ ಲಗ್ನದ ಮಾತೆತ್ತಲಿಲ್ಲ.

ನಾನು ಗೋಕಾಕಕ್ಕೆ ಹೋಗಿ ಸರ್ ಅವರನ್ನು ಕಾಲೇಜಿನಲ್ಲೇ ಕಂಡು ಕೇಳಿದೆ. “ಕೆಳಗ ಬಿಟ್ಟೆ” ಎಂದರು. “ನೋಡಕೊಂತ ನಿಂತಿದ್ದೆ. ತೇಲಿಕೊಂತ, ಒಂದ ಸಲ ಮಗ್ಗಲಾತು ನೋಡು, ಮಲಗಿದ ಮನಿಷ್ಯಾ ಹೊಳ್ಳಿದಂಗ. ಕಣ್ಣಾಗ ನೀರ ಬಂತು.” ನಾನು ನಂಬಿದೆ. ಕೆಳಗೆ ಎಂದು ರೇಣವ್ವನಿಗೆ ಹೇಳಿ ಕಳಿಸಿದೆ. ಹಣಮಂತಪ್ಪ ಮೀನು ಹಿಡಿಯುವುದನ್ನೂ ಬಿಟ್ಟು ಒಡ್ಡಿನ ಕೆಳಗಿನ ಮಡುವುಗಳನ್ನೆಲ್ಲ ಬಲೆಯಿಂದ ಜಾಲಾಡಿದ. ಹೊಸ ಕೋಟು ಹಾಕಿಕೊಂಡೇ ನೀರಿಗೆ ಇಳಿಯುತ್ತಾನೆ, ಮಂದಿ ನಗುತ್ತಾರೆ ಎಂದು ಆ ಕಡೆಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದಳು.

ಅದೇ ವರ್ಷ ಸರ್ ನಿವೃತ್ತರಾದರು. ಸಮಾರಂಭ ಮುಗಿದ ಮೇಲೆ ಸಂಜೆ ಕೆಲವರನ್ನು ಮನೆಗೆ ಕರೆದಿದ್ದರು. ಅಭಿನಂದನ ಗ್ರಂಥದ ಬಗ್ಗೆ ಮಾತು ನಡೆದಿತ್ತು. ನಾನೂ ಬರೆಯಬೇಕೆಂದು ಒತ್ತಾಯ. ಪಡಸಾಲೆಯ ಗೋಡೆಯಲ್ಲಿ, ಕುದುರೆಯ ಪಕ್ಕ, ಹೊಸ ಚೌಕಟ್ಟೊಂದು ಇತ್ತು.

ಕೋಡಂಗಿ. ಕರಿ ಮೈ, ಕೆದರಿದ ಕೂದಲು. ಸೊಂಟದ ಕೆಳಗಿನ ತುಂಡು ಅದರ ಜಾಗದಲ್ಲೇ ಇತ್ತು. ಹತ್ತಿರ ಹೋಗಿ ನೋಡಿದೆ. ಗೋಂದು ಹಚ್ಚಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಿದ್ದರು. ಬಹಳ ಜೋಪಾನದ ಕೆಲಸ. ಕೆಳಗೆ ಚೀಟಿಯಲ್ಲಿ ‘ಕನ್ನಡ ನಾಡಿನ ಹೆಮ್ಮೆ’ ಎಂದು ಬರೆದಿತ್ತು.

ಆಮೇಲೆ ನಾನು ಉಳಿದವುಗಳನ್ನು ನೋಡಿದೆ. ಎಷ್ಟೋ ರವಿವಾರ ಅವುಗಳ ಎದುರು ಕುಳಿತು ಚಹಾ ಕುಡಿದಿದ್ದೇನೆ. ಒಬ್ಬ ರಾಣಿಯ ಕಿವಿಯ ತುದಿ. ಒಬ್ಬ ರಾಕ್ಷಸನ ಕಿರುಬೆರಳು. ಕುದುರೆಯ ಗೊರಸು. ಯಾವುದೂ ಹರಿದದ್ದಲ್ಲ, ಸವೆದದ್ದಲ್ಲ. ಪ್ರತಿಯೊಂದರಲ್ಲೂ ಒಂದು ಸಣ್ಣ, ನೇರ, ಚೊಕ್ಕ ಕಡಿತ. ಕತ್ತರಿಯ ಕಡಿತ. ಎಲ್ಲೆಲ್ಲಿ ಯಾವ ಯಾವ ನೆಪ ಹೇಳಿ ಕತ್ತರಿಸಿದರೋ, ಯಾರು ಯಾರು ಅಚ್ಚು ತೆಗೆಯಲಾಗದೆ ಪರದೆ ಮಡಚಿಟ್ಟರೋ.

ಬಾಯಲ್ಲಿದ್ದ ಪೇಡೆಯನ್ನು ಕರವಸ್ತ್ರಕ್ಕೆ ತೆಗೆದೆ.

ಉಳಿದವರು ಹೊರಡುವವರೆಗೆ ಕಾದು, “ಸರ್, ಇದು ಧುಪದಾಳದ್ದು” ಎಂದೆ.

“ಹೌದು.” ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. “ಬರೂ ತಿಂಗಳ ಇಂ‌ಡೋನೇಷ್ಯಾದವರು ಬರಾಕತ್ತಾರ, ಬೆಳಗಾವಿಗೆ. ಮನಿಗೂ ಕರದೇನಿ. ಇದನ್ನ ನೋಡಿದ್ರ ಅವರು ಕಣ್ಣ ಮುಚ್ಚೂದಿಲ್ಲ.”

“ಅಸಹ್ಯ ಅಂತ ಕತ್ತರಿಸಿದ್ದನ್ನ ತಿರುಗಿ ಯಾಕ ಹಚ್ಚಿದ್ರಿ?”

“ಅದು ಇಲ್ಲಂದ್ರ ಅದಕ್ಕ ಬೆಲೆ ಎಲ್ಲಿ?” ಎಂದರು, ತರಗತಿಯಲ್ಲಿ ಸರಳವಾದ ಪ್ರಶ್ನೆ ಕೇಳಿದವರಿಗೆ ಹೇಳುವ ಹಾಗೆ. “ಅಲ್ಲಿ ವೇದಿಕೆ ಮ್ಯಾಲೆ ಅದು ಅಸಹ್ಯ. ಇಲ್ಲಿ ಗ್ವಾಡಿ ಮ್ಯಾಲೆ ಕಲೆ. ಇಷ್ಟ ಓದಿ ಇದು ತಿಳೀಲಿಲ್ಲೇನು ನಿನಗ?”

“ಅವರು ಹೊಳ್ಯಾಗ ಬಲೆ ಹಾಕಾಕತ್ತಾರ್ರಿ, ಇದಕ್ಕ.”

ಅವರು ನಕ್ಕರು. ಕೆಟ್ಟ ನಗೆಯಲ್ಲ, ಮರುಕದ ನಗೆ. ಅದು ಇನ್ನೂ ಅಸಹ್ಯವಾಗಿತ್ತು. “ಮೀನಾದ್ರೂ ಸಿಗತಾವಲ್ಲ.”

“ಒಂದ ದಿನಾ ಕೊಡ್ರಿ. ಅಚ್ಚು ತಗದು ತಿರುಗಿ ತಂದ ಕೊಡತೇನಿ.”

“ಒಂದಕ್ಕ ಕೊಟ್ರ ಎಲ್ಲಾವಕ್ಕೂ ಬರತಾರ, ತಂಗಿ.” ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಹಿಂದೆ ಸರಿದೆ. “ಹೊಳಿಗಿ ಹೋಗೇತಿ ಅಂತ ಸಮಾಧಾನಾಗಿ ಅದಾರ. ಅವರ ಮನಸ ಯಾಕ ಕೆಡಸತಿ? ನಿಂದೂ ಇನ್ನೂ ಕಾಯಂ ಆಗೂದೈತಿ. ಆ ಸಮಿತಿಯಾಗೂ ನಾ ಅದೇನಿ, ಮರೀಬ್ಯಾಡ. ಬರೀ, ಗ್ರಂಥಕ್ಕ ಚೊಲೋದೊಂದು ಬರೀ.”

ಒಳಗಿನ ಬಾಗಿಲಲ್ಲಿ ಕಾಕೂ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಧುಪದಾಳಕ್ಕೆ ಹೋದೆ. ಹಣಮಂತಪ್ಪ ಆಗಲೇ ನೀರಿನಲ್ಲಿದ್ದ. ರೇಣವ್ವ ಒಲೆಯ ಮುಂದೆ ಇದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ.

“ಹೆಣಾ ಗ್ವಾಡಿಗಿ ಹಾಕ್ಯಾರ?” ಎಂದಳು. ಮತ್ತೆ ಕೇಳಿದಳು, “ಅದರ ಮುಂದ ಕುಂತ ಉಣತಾರ?”

ಅವಳು ದಂಡೆಗೆ ಹೋಗಿ ಗಂಡನನ್ನು ಕರೆದಳು. ಅವನು ಕೇಳಿ, ಒದ್ದೆ ಬಲೆಯನ್ನು ಕೈಯಿಂದ ಕೈಗೆ ಬದಲಿಸುತ್ತ ನಿಂತ. “ಅಷ್ಟ ದೊಡ್ಡ ಮನ್ಯಾಗ ನಮ್ಮನ್ನ ಒಳಗ ಬಿಟ್ಟಾರೇನು?”

“ಬಿಡಲಿಲ್ಲಂದ್ರ ಕಟ್ಟಿ ಮ್ಯಾಲೆ ಕುಂತ ಬೈತೇನಿ,” ಎಂದಳು ರೇಣವ್ವ. “ನೀ ಕೋಟ ತಗದ ಬಾ.”

ಸೂರಿನ ಕೆಳಗೆ ಕಟ್ಟಿಟ್ಟಿದ್ದ ಆಡಿನ ಚರ್ಮವನ್ನು ಇಳಿಸಿದಳು. ಕೆರೆದು ತೆಳ್ಳಗೆ ಮಾಡಿದ್ದು. ಸುರುಳಿ ಸುತ್ತಿ ಸೀರೆಯ ತುಂಡಿನಲ್ಲಿ ಕಟ್ಟಿದಳು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. “ಏನೈತಬೇ ಅದು?” ಎಂದು ಕಂಡಕ್ಟರ್ ಕೇಳಿದ. “ಹೊಸಾ ಅಳಿಯಾ” ಎಂದಳು ರೇಣವ್ವ, ಗೊಗ್ಗರು ದನಿಯಲ್ಲಿ. ಬಹಳ ದಿನದ ಮೇಲೆ ಆ ದನಿ ಕೇಳಿದೆ.

ಬಾಗಿಲು ತೆರೆದದ್ದು ಕಾಕೂ. ನನ್ನನ್ನು ನೋಡಿದರು, ನನ್ನ ಹಿಂದಿದ್ದ ಇಬ್ಬರನ್ನು ನೋಡಿದರು, ಸೀರೆಯ ತುಂಡಿನ ಗಂಟನ್ನು ನೋಡಿದರು. ಒಳಗೆ ಸರ್ ಪತ್ರಿಕೆ ಓದುತ್ತಿದ್ದರು.

“ಕಾಕೂ, ಕೋಡಂಗಿ ಅಚ್ಚು ತಗೀಬೇಕಾಗೈತ್ರಿ,” ಎಂದೆ.

ಅವರು ಪಡಸಾಲೆಯ ನಡುವಿನ ಮೇಜನ್ನು ಒಬ್ಬರೇ ಗೋಡೆಗೆ ಸರಿಸಿ ನೆಲ ತೆರವು ಮಾಡಿದರು. ರೇಣವ್ವ ಒಳಗೆ ಬಂದು ಅಲ್ಲಿ ಚರ್ಮ ಬಿಚ್ಚಿ ಹಾಸಿದಳು. ಸರ್ ಪತ್ರಿಕೆ ಇಳಿಸಿ ನನ್ನ ಹೆಸರು ಹಿಡಿದು ಕರೆದರು. ನಾನು ಅವರ ಪಕ್ಕದ ಕುರ್ಚಿಯನ್ನು ಎಳೆದು, ಅದರ ಮೇಲೆ ಹತ್ತಿ, ಚೌಕಟ್ಟನ್ನು ಮೊಳೆಯಿಂದ ಬಿಡಿಸಿದೆ.